ಅಪ್ಪ ಅಮ್ಮನ ಫೈಲು ಹಿಡಿದು ಬರುವ ಮಕ್ಕಳಿಗೆ

ನಲವತ್ತೈದು ದಾಟಿ ಇನ್ನೂ ಅರವತ್ತು ಮುಟ್ಟದ ಪ್ರಿಯ ಬಂಧುಗಳೇ,



ಹಾಸನ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಾಮಾನ್ಯ ವೈದ್ಯೆಯಾಗಿದ್ದವಳು ನಾನು. ಕ್ಲಿನಿಕ್ಕಿನ ಬಾಗಿಲು ಹಾಕಿ ಕೆಲವು ವರ್ಷಗಳಾದವು, ಫೋನು ಮಾತ್ರ ನಿಂತಿಲ್ಲ. ಮಾಡುವವರು ಬಹುಪಾಲು ನಿಮ್ಮ ವಯಸ್ಸಿನವರು. ಬೆಂಗಳೂರಿನಿಂದ, ಮೈಸೂರಿನಿಂದ, ಒಮ್ಮೊಮ್ಮೆ ಅಮೆರಿಕದಿಂದ. "ಡಾಕ್ಟ್ರೇ, ಅಮ್ಮ ಹಾಲು ಒಲೆ ಮೇಲಿಟ್ಟು ಮರೆತುಬಿಡ್ತಾರೆ." "ಅಪ್ಪ ಪಿಂಚಣಿ ದುಡ್ಡು ಎಲ್ಲೋ ಇಟ್ಟು ಕೆಲಸದವಳು ಕದ್ದಳು ಅಂತಾರೆ." ಎಲ್ಲ ಹೇಳಿಕೊಂಡಾದ ಮೇಲೆ ಕೊನೆಯಲ್ಲಿ ಬರುವ ಪ್ರಶ್ನೆ ಒಂದೇ: "ಏನು ತಿನ್ನಿಸಿದರೆ ಸರಿಹೋಗುತ್ತೆ?"

ಫೋನಿನಲ್ಲಿ ನಾನು ಕೊಡುವ ಉತ್ತರ ನಿಮಗೆ ರುಚಿಸುವುದಿಲ್ಲವೆಂದು ಗೊತ್ತು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಮರೆಗುಳಿ ಕಾಯಿಲೆ, ಅಂದರೆ ನಾವು ವೈದ್ಯರು ಡಿಮೆನ್ಷಿಯಾ ಅನ್ನುವುದು, ಕಣ್ಣಿಗೆ ಬಿದ್ದ ಮೇಲೆ ಊಟದ ಬಲದಿಂದ ಅದನ್ನು ಹಿಂದಕ್ಕೆ ತಳ್ಳಲು ಆಗುವುದಿಲ್ಲ. ಅದರಲ್ಲಿ ಅತಿ ಹೆಚ್ಚಾಗಿ ಕಾಣುವ ಆಲ್‌ಝೈಮರ್ಸ್ ಬಗೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮೆದುಳಿನಲ್ಲಿ ಕೂಡಿಕೊಳ್ಳಲು ಶುರುವಾಗುವುದು ಮೊದಲ ಮರೆವಿಗೂ ಹದಿನೈದು ಇಪ್ಪತ್ತು ವರ್ಷ ಮುಂಚೆ. ಎಪ್ಪತ್ತೈದರ ನಿಮ್ಮ ತಾಯಿಯಲ್ಲಿ ಇವತ್ತು ಕಾಣಿಸಿಕೊಂಡದ್ದು ಅವರ ಐವತ್ತೈದು ಅರವತ್ತರಲ್ಲೇ ಒಳಗೊಳಗೆ ಮೊದಲಾಗಿರುತ್ತದೆ. ಆಗ ಅವರು ನಿಮ್ಮ ಮದುವೆಯ ಓಡಾಟದಲ್ಲೋ ಮೊಮ್ಮಗುವಿನ ಬಾಣಂತನದಲ್ಲೋ ಇದ್ದರು, ತಮ್ಮ ಕಡೆ ನೋಡಿಕೊಳ್ಳಲು ಅವರಿಗೆ ಪುರುಸೊತ್ತಿರಲಿಲ್ಲ. ಈಗ ಆ ವಯಸ್ಸಿನಲ್ಲಿ ಇರುವವರು ನೀವು. ಪುರುಸೊತ್ತು ನಿಮಗೂ ಇಲ್ಲ.

ತಂದೆ ತಾಯಿಯ ಹೆಸರಿನ ಫೈಲನ್ನು ನೀವು ಚೆನ್ನಾಗಿ ಇಟ್ಟುಕೊಳ್ಳುತ್ತೀರಿ. ವರ್ಷವಾರು ಜೋಡಿಸಿದ ರಿಪೋರ್ಟು, ಪ್ಲಾಸ್ಟಿಕ್ ಕವರು, ಗುಳಿಗೆಗಳ ಪಟ್ಟಿ. ನಿಮ್ಮ ಹೆಸರಿನ ಫೈಲು ಎಲ್ಲಿ ಎಂದು ಕೇಳಿದರೆ ನಗುತ್ತೀರಿ. ಈ ಪತ್ರದಲ್ಲಿ ನನ್ನ ತಕರಾರು ಇರುವುದು ಆ ನಗುವಿನ ಮೇಲೆ.

ಮೊದಲು ಹಿರಿಯರ ಮಾತು ಮುಗಿಸಿಬಿಡುತ್ತೇನೆ. "ವಯಸ್ಸಾಯ್ತು, ಅರಳು ಮರಳು" ಎಂದು ಸುಮ್ಮನಾಗಬೇಡಿ. ಮರೆವಿಗೆ ಸರಿಪಡಿಸಬಹುದಾದ ಕಾರಣಗಳೂ ಇರುತ್ತವೆ. ಬಿ12 ಕೊರತೆ ಅಂಥದ್ದು. ಸಸ್ಯಾಹಾರಿಗಳಲ್ಲಿ ಅದು ಸಾಮಾನ್ಯ. ಶುಗರಿಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತಿನ್ನುವವರಲ್ಲಿ, ಹೊಟ್ಟೆ ಉರಿಗೆಂದು ಆಸಿಡ್ ಕಡಿಮೆ ಮಾಡುವ ಗುಳಿಗೆಯನ್ನು ಬಿಡದೆ ನುಂಗುವವರಲ್ಲೂ ಸಾಮಾನ್ಯ. ಥೈರಾಯ್ಡ್ ಕುಂದಿದ್ದರೂ ಮರೆವು ಬರುತ್ತದೆ. ಖಿನ್ನತೆಯಿಂದ ಬರುತ್ತದೆ, ನಿದ್ದೆ ಗುಳಿಗೆಯಿಂದಲೂ ಬರುತ್ತದೆ. ಗಂಡ ತೀರಿಕೊಂಡ ವರ್ಷವೇ ಮಂಕಾದ ಅಜ್ಜಿಯೊಬ್ಬರನ್ನು ಮಗ "ಇನ್ನು ಇವರದ್ದು ಮುಗೀತು" ಎಂಬಂತೆ ಕರೆತಂದಿದ್ದ. ಖಿನ್ನತೆಗೆ ಚಿಕಿತ್ಸೆ ಕೊಟ್ಟ ಮೇಲೆ ಅದೇ ಅಜ್ಜಿ ಚೀಟಿ ವ್ಯವಹಾರದ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುವಷ್ಟು ಚುರುಕಾದರು. ಎಲ್ಲರಲ್ಲೂ ಹೀಗಾಗುವುದಿಲ್ಲ. ಹೀಗಾಗಬಹುದಾದವರನ್ನು ಬಿಟ್ಟುಬಿಡಬಾರದೆಂದು ಹೇಳಿದೆ.

ಇನ್ನು ನಿಮ್ಮ ಸರದಿ.

ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಒಂದು ವರದಿ ಕೊಟ್ಟಿತು. ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಆದರೆ ಬದಲಿಸಬಹುದಾದ 14 ಸಂಗತಿಗಳನ್ನು ಅದು ಗುರುತಿಸಿದೆ. ಇವೆಲ್ಲವನ್ನೂ ಇಲ್ಲವಾಗಿಸಲು ಸಾಧ್ಯವಾದರೆ ಲೋಕದ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. 2017ರಲ್ಲಿ ಇದೇ ಆಯೋಗ 9 ಸಂಗತಿಗಳನ್ನು ಹೇಳಿ ಶೇ 35 ಎಂದಿತ್ತು. ನನ್ನನ್ನು ಎಚ್ಚರಿಸಿದ್ದು ಶೇಕಡಾವಾರಿಗಿಂತ ಅವರು ಮಾಡಿರುವ ವಯಸ್ಸಿನ ವಿಂಗಡಣೆ. ಬಾಲ್ಯಕ್ಕೆ ಸೇರಿದ್ದು ಒಂದು, ಓದು ಸಿಗದೇ ಹೋಗುವುದು. ಇಳಿವಯಸ್ಸಿಗೆ ಸೇರಿದವು ಮೂರು: ಒಂಟಿತನ, ಹೊಗೆ ಧೂಳಿನ ಗಾಳಿ, ಕಣ್ಣು ಮಂದವಾಗುವುದು. ಉಳಿದ ಹತ್ತೂ ನಡುವಯಸ್ಸಿನವು. ಕಿವಿ ಮಂದವಾಗುವುದು, ಕೆಟ್ಟ ಕೊಲೆಸ್ಟ್ರಾಲು, ಬಿಪಿ, ಶುಗರು, ಬೊಜ್ಜು, ಸಿಗರೇಟು ಬೀಡಿ, ಅತಿ ಕುಡಿತ, ಕೂತಲ್ಲೇ ಕೂರುವ ಬದುಕು, ಖಿನ್ನತೆ, ತಲೆಗೆ ಪೆಟ್ಟು. ಇವುಗಳಲ್ಲಿ ನಿಮಗೆ ಅಂಟಿರುವವು ಎಷ್ಟು ಎಂದು ನೀವೇ ಎಣಿಸಿಕೊಳ್ಳಬಹುದು.

ಪಟ್ಟಿಯಲ್ಲಿ ಊಟದ ಹೆಸರೇ ಇಲ್ಲವಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸರಿಯಾದ ಪ್ರಶ್ನೆ, ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಬಿಪಿ.

ಕ್ಲಿನಿಕ್ಕಿನಲ್ಲಿ ನನಗೊಂದು ಅಭ್ಯಾಸವಿತ್ತು. ಅಪ್ಪನ ಬಿಪಿ ನೋಡಿ ಆದ ಮೇಲೆ ಪಕ್ಕದಲ್ಲಿ ಕೂತ ಮಗನಿಗೋ ಮಗಳಿಗೋ, "ಎಲ್ಲಿ, ನಿಮ್ಮ ತೋಳು ಕೊಡಿ ನೋಡೋಣ" ಅನ್ನುತ್ತಿದ್ದೆ. ಮೊದಲು ಸಂಕೋಚ, ಆಮೇಲೆ "ನನಗೇನಾಗಿದೆ ಬಿಡಿ ಮೇಡಂ" ಎಂಬ ಮಾತು. ಒಬ್ಬರು ಕಾಲೇಜು ಅಧ್ಯಾಪಕರು, ವಯಸ್ಸು ಐವತ್ತರ ಹತ್ತಿರ. ಗುಳಿಗೆ ತಪ್ಪಿಸದ ಎಂಬತ್ತರ ತಂದೆಯ ಬಿಪಿ ಅಚ್ಚುಕಟ್ಟಾಗಿತ್ತು. ಮಗನದು 168ಕ್ಕೆ 104. ಎರಡನೆಯ ಸಲ ನೋಡಿದರೂ ಅಷ್ಟೇ. "ಬೈಕಿನಲ್ಲಿ ಬಂದೆ, ಅದಕ್ಕೇ ಇರಬೇಕು" ಎಂದರು. ಮರುವಾರ ಬನ್ನಿ ಎಂದರೆ ತಂದೆಯ ಗುಳಿಗೆ ಮುಗಿದ ಮೇಲೆಯೇ ಬಂದರು, ಅದೂ ತಂದೆಯ ಗುಳಿಗೆಗೆಂದೇ. ತಂದೆಯ ವಿಷಯದಲ್ಲಿ ಅಷ್ಟು ಶಿಸ್ತಿನ ಮನುಷ್ಯನನ್ನು ಅವರದೇ ಗುಳಿಗೆಗೆ ಒಪ್ಪಿಸಲು ನನಗೆ ವರ್ಷ ಹಿಡಿಯಿತು. ಅವರೊಬ್ಬರೇ ಹಾಗೆ ಅನ್ನಬೇಡಿ, ನನ್ನ ಅನುಭವದಲ್ಲಿ ಗಂಡಸರು ಬಹುತೇಕ ಹೀಗೇ.

ಬಿಪಿ ನೋಯುವುದಿಲ್ಲ, ತೊಂದರೆ ಇರುವುದು ಅಲ್ಲೇ. ನಮ್ಮ ತೂಕದಲ್ಲಿ ಮೆದುಳಿನ ಪಾಲು ಶೇ 2ರಷ್ಟು ಮಾತ್ರ, ಆದರೆ ದೇಹ ವಿರಮಿಸುವಾಗ ಸುಡುವ ಶಕ್ತಿಯಲ್ಲಿ ಅದರ ಪಾಲು ಶೇ 20ರಷ್ಟು. ಅಷ್ಟನ್ನೂ ಒದಗಿಸುವುದು ಕೂದಲಿಗಿಂತ ಸಣ್ಣ ರಕ್ತನಾಳಗಳು. ಅಡಿಕೆ ತೋಟದ ಹನಿ ನೀರಾವರಿ ನೋಡಿದವರಿಗೆ ಗೊತ್ತು, ಮೋಟರು ಜೋರಾಗಿ ತಿರುಗುತ್ತಿದ್ದರೂ ತುದಿಯ ಡ್ರಿಪ್ಪರು ಕಟ್ಟಿಕೊಂಡ ಗಿಡ ಒಣಗುತ್ತದೆ, ಅದು ಗೊತ್ತಾಗುವುದು ಎಲೆ ಹಳದಿಯಾದ ಮೇಲೆ. ವರ್ಷಗಟ್ಟಲೆ ಏರಿದ ಬಿಪಿ, ಶುಗರು, ಕೊಲೆಸ್ಟ್ರಾಲು ಮೆದುಳಿನ ಸಣ್ಣ ನಾಳಗಳಿಗೆ ಮಾಡುವುದೂ ಇದನ್ನೇ. ಆಲ್‌ಝೈಮರ್ಸ್ ಇರುವ ಮೆದುಳುಗಳಲ್ಲೂ ರಕ್ತನಾಳದ ಹಾನಿ ಜೊತೆಗೂಡಿರುವುದು ಸಾಮಾನ್ಯ. ಎರಡೂ ಸೇರಿದಾಗ ಮನುಷ್ಯ ಬೇಗ ಕುಸಿಯುತ್ತಾನೆ.

ಬಿಪಿ ಇಳಿಸಿದರೆ ಮರೆಗುಳಿತನ ನಿಜಕ್ಕೂ ಕಡಿಮೆಯಾಗುತ್ತದೆಯೇ? ಚೀನಾದ ಹಳ್ಳಿಗಳಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. 326 ಹಳ್ಳಿಗಳು, 40 ದಾಟಿದ ಸುಮಾರು 34 ಸಾವಿರ ಜನ, ಎಲ್ಲರಿಗೂ ಬಿಪಿ. ಅರ್ಧದಷ್ಟು ಹಳ್ಳಿಗಳಲ್ಲಿ ಎಂಬಿಬಿಎಸ್ ಓದದ ಹಳ್ಳಿ ವೈದ್ಯರೇ ತರಬೇತಿ ಪಡೆದು, ಬಿಪಿಯನ್ನು 130ಕ್ಕೆ 80ರ ಕೆಳಗೆ ಇಳಿಸುವ ಹೊಣೆ ಹೊತ್ತರು. ಗುಳಿಗೆಯ ಜೊತೆಗೆ ಉಪ್ಪು, ತೂಕ, ಕುಡಿತದ ಬಗ್ಗೆ ಬುದ್ಧಿಮಾತು. ನಾಲ್ಕು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಡಿಮೆನ್ಷಿಯಾ ಶೇ 15ರಷ್ಟು ಕಡಿಮೆಯಾಗಿತ್ತು. ದೊಡ್ಡ ಆಸ್ಪತ್ರೆಯಾಗಲಿ, ಹೊಸ ಔಷಧಿಯಾಗಲಿ ಅಲ್ಲಿ ಇರಲಿಲ್ಲ. ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲ ನನಗೆ ಇದು ಇಲ್ಲಿ ಆಗದ ಕೆಲಸ ಅನ್ನಿಸುವುದಿಲ್ಲ.

ಈಗ ಊಟದ ವಿಷಯ.

ಅಮೆರಿಕದಲ್ಲಿ ಮೈಂಡ್ ಡಯೆಟ್ ಎಂಬ ಊಟದ ಕ್ರಮವಿದೆ. ಸೊಪ್ಪು, ಬೆರ್ರಿ ಹಣ್ಣು, ಕಾಳು, ಬೀಜ, ಮೀನು ಹೆಚ್ಚು; ಬೆಣ್ಣೆ, ಕರಿದದ್ದು, ಸಿಹಿ ಕಡಿಮೆ. ಹೀಗೆ ಉಣ್ಣುವವರನ್ನು ಗಮನಿಸುತ್ತ ಬಂದ ಅಧ್ಯಯನಗಳಲ್ಲಿ ಫಲ ಚೆನ್ನಾಗಿ ಕಂಡಿತ್ತು. ಆದರೆ 604 ಜನರನ್ನು ಎರಡು ಗುಂಪು ಮಾಡಿ ಮೂರು ವರ್ಷ ಪರೀಕ್ಷಿಸಿದಾಗ, ಆ ಊಟ ಮಾಡಿದವರಿಗೂ ಮಾಮೂಲಿ ಊಟವನ್ನೇ ಸ್ವಲ್ಪ ಕಡಿಮೆ ಮಾಡಿದವರಿಗೂ ನೆನಪಿನ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. 2023ರಲ್ಲಿ ಅದು ಪ್ರಕಟವಾಯಿತು. ಇನ್ನೊಂದು ಕಡೆ ಫಿನ್‌ಲ್ಯಾಂಡಿನಲ್ಲಿ ಮಿಯಾ ಕಿವಿಪೆಲ್ಟೊ ಅವರ ತಂಡ 60 ದಾಟಿದ 1260 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ಬಿಪಿ ಕೊಲೆಸ್ಟ್ರಾಲಿನ ನಿಗಾ ಎಲ್ಲವನ್ನೂ ಒಟ್ಟಿಗೆ ಕೊಟ್ಟಿತು. 2015ರಲ್ಲಿ ಬಂದ ಅದರ ಫಲಿತಾಂಶ ಸಾಧಾರಣವಾದರೂ ಸ್ಪಷ್ಟವಾಗಿತ್ತು: ಹಾಗೆ ಮಾಡಿದವರ ಬುದ್ಧಿಶಕ್ತಿ ಉಳಿದವರಿಗಿಂತ ಚೆನ್ನಾಗಿತ್ತು.

ಈ ಎರಡನ್ನೂ ಎದುರಿಗಿಟ್ಟುಕೊಂಡು ನನಗೆ ತೋಚುವುದು ಇಷ್ಟು. ತಟ್ಟೆಯಲ್ಲಿರುವ ಯಾವ ಒಂದು ಪದಾರ್ಥವೂ ನೇರವಾಗಿ ಮೆದುಳಿಗೆ ಹೋಗಿ ಕಾವಲು ನಿಲ್ಲುವುದಿಲ್ಲ. ಊಟ ಕೆಲಸ ಮಾಡುವುದು ಬಿಪಿಯ ಮೂಲಕ, ಶುಗರಿನ ಮೂಲಕ, ಕೊಲೆಸ್ಟ್ರಾಲು ಮತ್ತು ಸೊಂಟದ ಸುತ್ತಳತೆಯ ಮೂಲಕ. ಪಟ್ಟಿಯಲ್ಲಿ ಊಟದ ಹೆಸರಿಲ್ಲದಿದ್ದರೂ ನಾಲ್ಕು ಸಂಗತಿಗಳ ಹಿಂದೆ ಅದೇ ನಿಂತಿದೆ.

ಆದ್ದರಿಂದ ದಯವಿಟ್ಟು ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ. ಮಗಳ ಕಾಲೇಜು ಫೀಸಿಗೆ ಸಾಲ ಕೇಳಲು ಓಡಾಡುತ್ತಿದ್ದ ಹೆಣ್ಣುಮಗಳೊಬ್ಬಳು ಅತ್ತೆಗೆಂದು ತಿಂಗಳು ತಿಂಗಳೂ ಸಾವಿರಾರು ರೂಪಾಯಿಯ "ಮೆದುಳಿನ ಟಾನಿಕ್" ತರುತ್ತಿದ್ದಳು. ಪಕ್ಕದ ಊರಿನವರು ಯಾರೋ ಮನೆಗೇ ತಂದು ಮಾರುತ್ತಿದ್ದರಂತೆ. ವಿಶ್ವ ಆರೋಗ್ಯ ಸಂಸ್ಥೆ 2019ರ ತನ್ನ ಮಾರ್ಗಸೂಚಿಯಲ್ಲಿ, ಬುದ್ಧಿ ಕುಂದದಿರಲೆಂದು ಬಿ ಮತ್ತು ಇ ವಿಟಮಿನ್ನುಗಳನ್ನಾಗಲಿ ಒಮೆಗಾ ಕೊಬ್ಬಿನ ಗುಳಿಗೆಗಳನ್ನಾಗಲಿ ಶಿಫಾರಸು ಮಾಡಬಾರದೆಂದು ನೇರವಾಗಿ ಹೇಳಿದೆ. ಗಿಂಕ್ಗೊ ಎಂಬ ಎಲೆಯ ಸಾರವನ್ನು ಮೂರು ಸಾವಿರ ಹಿರಿಯರ ಮೇಲೆ ಪರೀಕ್ಷಿಸಿ ಪ್ರಯೋಜನವಿಲ್ಲವೆಂದು 2008ರಲ್ಲೇ ತಿಳಿದಿದೆ. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಎಂದು ಬಂದರೆ ಕೊಡಲೇಬೇಕು, ಅದು ಚಿಕಿತ್ಸೆ. ಕಡಿಮೆ ಇಲ್ಲದವರಿಗೆ ಕೊಡುವುದು ವ್ಯಾಪಾರ. ಒಂದೆಲಗದ ತಂಬುಳಿ? ಧಾರಾಳವಾಗಿ ಮಾಡಿ. ಬೇಸಿಗೆಗೆ ಅದರಷ್ಟು ಹಿತವಾದದ್ದು ಇಲ್ಲ, ನಮ್ಮ ಮನೆಯಲ್ಲೂ ಮಾಡುತ್ತೇವೆ. ತಂಬುಳಿಯ ಧೈರ್ಯದ ಮೇಲೆ ಬಿಪಿ ಗುಳಿಗೆ ಮಾತ್ರ ಬಿಡಬೇಡಿ.

ನಮ್ಮ ಅಡುಗೆಮನೆಯಲ್ಲಿ ಏನು ಮಾಡಬೇಕು? ಆಲಿವ್ ಎಣ್ಣೆ, ಬ್ಲೂಬೆರಿ ಹುಡುಕಿಕೊಂಡು ಮಾಲಿಗೆ ಹೋಗಬೇಕಾಗಿಲ್ಲ. ಹಾಸನ ಮಂಡ್ಯದ ಬಸ್ಸಾರು, ಉಪ್ಪುಸಾರುಗಳಲ್ಲಿ ಸೊಪ್ಪೂ ಕಾಳೂ ಒಟ್ಟಿಗೆ ಬೇಯುತ್ತವೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಜೊತೆಗೆ ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಮೆಂತ್ಯ, ಮಡಿಕೆ ಕಾಳಿನ ಪಲ್ಯ. ಕರಾವಳಿಯವರಿಗೆ ಬೂತಾಯಿ, ಬಂಗುಡೆ. ಒಮೆಗಾ ಕೊಬ್ಬು ಬೇಕೆಂದು ಗುಳಿಗೆ ಕೇಳುವವರು ಮಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಈ ಮೀನುಗಳನ್ನು ಮರೆತಿರುತ್ತಾರೆ. ಕರಿಯುವುದಕ್ಕಿಂತ ಪುಳಿಮುಂಚಿ ಮಾಡಿದರೆ ಒಳ್ಳೆಯದು. ನುಗ್ಗೆ, ದಂಟು, ಹೊನಗೊನ್ನೆ, ಬಸಳೆ, ಸಬ್ಬಸಿಗೆ: ವಾರದಲ್ಲಿ ನಾಲ್ಕೈದು ದಿನ ಯಾವುದಾದರೊಂದು ಸೊಪ್ಪು ತಟ್ಟೆಯಲ್ಲಿರಲಿ. ಸೊಪ್ಪು ಸೋಸುವುದು ಬೇಸರದ ಕೆಲಸ, ನಿಜ. ಆ ಕೆಲಸವನ್ನು ಮನೆಯ ಗಂಡಸರು ಟಿವಿ ನೋಡುತ್ತ ಮಾಡಬಹುದು. ಕೈಗೂ ಕೆಲಸ, ಬಾಯಿಗೆ ಬೋಂಡಾ ಹೋಗುವುದೂ ತಪ್ಪುತ್ತದೆ.

ರಾಗಿಯ ಅಭಿಮಾನಿಗಳು ಸಿಟ್ಟಾಗಬಾರದು. ಮುದ್ದೆ ಒಳ್ಳೆಯದು, ಆದರೆ ಹೊಲ ಉತ್ತು ಬಂದವನ ಮುದ್ದೆಯ ಗಾತ್ರ ಆಫೀಸಿನಲ್ಲಿ ಕೂತು ಬಂದವನಿಗೆ ಹೊಂದುವುದಿಲ್ಲ. ಅನ್ನದ ಮಾತಿನಲ್ಲಂತೂ ಹೇಳುವುದೇ ಬೇಡ. ಸಾರಿಗೊಂದು ಸಲ, ಹುಳಿಗೊಂದು ಸಲ, ಮಜ್ಜಿಗೆಗೊಂದು ಸಲ ಎಂದು ಮೂರು ಸುತ್ತು ಅನ್ನ, ಪಲ್ಯ ಎಲೆಯ ಮೂಲೆಯಲ್ಲಿ ಒಂದು ಚಮಚ. ಇದನ್ನು ತಿರುಗಿಸಿ. ಪಲ್ಯ, ಕಾಳು, ಕೋಸಂಬರಿ ಅರ್ಧ ತಟ್ಟೆ ತುಂಬಲಿ, ಅನ್ನ ಒಂದೇ ಸುತ್ತಿಗೆ ಮುಗಿಯಲಿ.

ಉಪ್ಪಿನ ಬಗ್ಗೆ ನನಗೆ ಕೋಪವೇ ಇದೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಒಬ್ಬರಿಗೆ ಒಂದು ಸಣ್ಣ ಚಮಚ. ನಮ್ಮ ದೇಶದ ಸರಾಸರಿ 8 ಗ್ರಾಮ್ ಎಂದು ಐಸಿಎಂಆರ್ ಸಂಸ್ಥೆಯವರ ಸಮೀಕ್ಷೆ ಹೇಳುತ್ತದೆ. ಎಲ್ಲಿಂದ ಬರುತ್ತದೆ? ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಮಿಕ್ಸ್ಚರು, ಮಜ್ಜಿಗೆಗೆ ಮತ್ತೊಂದು ಚಿಟಿಕೆ. ಒಂದೇ ಊಟದಲ್ಲಿ ಇವುಗಳಲ್ಲಿ ಮೂರು ನಾಲ್ಕು ಕೂಡುತ್ತವೆ. "ಉಪ್ಪಿಲ್ಲದಿದ್ದರೆ ಗಂಟಲಲ್ಲಿ ಇಳಿಯಲ್ಲ" ಅನ್ನುವವರಿಗೆ ನಾನು ಹೇಳುವುದು, ಒಂದು ತಿಂಗಳು ನಿಂಬೆಹಣ್ಣು, ಹುಣಸೆ, ಕಾಳುಮೆಣಸು ಸ್ವಲ್ಪ ಮುಂದೆ ಬರಲಿ, ನಾಲಿಗೆ ಒಗ್ಗಿಕೊಳ್ಳುತ್ತದೆ.

ಸಂಜೆ ಐದರ ಬೇಕರಿಯ ಮಾತನ್ನೂ ಹೇಳದೆ ಬಿಡುವಂತಿಲ್ಲ. ಖಾರಾ ಬನ್ನು, ಪಫ್ಸು, ಜೊತೆಗೆ ಸಕ್ಕರೆ ಟೀ. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ, ಯಾರದೋ ಬಡ್ತಿ, ಯಾರದೋ ಬೀಳ್ಕೊಡುಗೆ. ಟೀಗೆ ಒಂದೂವರೆ ಚಮಚ ಸಕ್ಕರೆಯಂತೆ ದಿನಕ್ಕೆ ಐದು ಟೀ ಕುಡಿಯುವವರು ಬೇರೆ ಸಿಹಿ ತಿನ್ನದೆಯೇ ಮಿತಿ ದಾಟಿರುತ್ತಾರೆ.

ಶುಗರು ಯಾವ ವಯಸ್ಸಿನಲ್ಲಿ ಬಂತು ಎಂಬುದೂ ಮುಖ್ಯ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸುತ್ತ ಬಂದಿರುವ ವೈಟ್‌ಹಾಲ್ ಅಧ್ಯಯನದ ಪ್ರಕಾರ, 60ಕ್ಕೂ ಮುಂಚೆ ಶುಗರು ಬಂದವರಿಗೆ 70ರ ನಂತರ ಡಿಮೆನ್ಷಿಯಾ ಬರುವ ಅಪಾಯ ಶುಗರು ಇಲ್ಲದವರ ಎರಡರಷ್ಟು. 70ರ ಹತ್ತಿರದಲ್ಲಿ ಬಂದವರಿಗೆ ಅಷ್ಟಿಲ್ಲ. ಶುಗರನ್ನು ಹತ್ತು ವರ್ಷ ಮುಂದೂಡಿದರೂ ಅದು ಗೆಲುವೇ. ಅದೇ ಅಧ್ಯಯನದಲ್ಲಿ 50, 60, 70ರ ಮೂರೂ ಹಂತಗಳಲ್ಲಿ ರಾತ್ರಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಿಗೆ, ಏಳು ಗಂಟೆ ಮಲಗುವವರಿಗಿಂತ ಅಪಾಯ ಶೇ 30 ಹೆಚ್ಚು ಕಂಡಿತು. ಹತ್ತೂವರೆಗೆ ಊಟ, ಹನ್ನೆರಡೂವರೆವರೆಗೆ ಮೊಬೈಲು, ಐದಕ್ಕೆ ಹಾಲಿನವನ ಗಂಟೆ. ಈ ವೇಳಾಪಟ್ಟಿ ನಿಮ್ಮದಾಗಿದ್ದರೆ ಬದಲಿಸಿ.

ನಡೆಯಿರಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ವ್ಯರ್ಥ ಎಂಬ ಭ್ರಮೆ ಬೇಡ. ಬ್ರಿಟನ್ನಿನ 78 ಸಾವಿರ ಜನರ ಹೆಜ್ಜೆ ಎಣಿಸಿದ ಅಧ್ಯಯನದಲ್ಲಿ ದಿನಕ್ಕೆ 3,800 ಹೆಜ್ಜೆ ನಡೆಯುವವರಲ್ಲೂ ಡಿಮೆನ್ಷಿಯಾ ಸುಮಾರು ಕಾಲು ಭಾಗ ಕಡಿಮೆ ಕಂಡಿತ್ತು. ಬೈಕು ಹತ್ತುವಾಗ ಹೆಲ್ಮೆಟ್ಟಿನ ಬಕಲು ಹಾಕಿ, ಪೊಲೀಸರಿಗೆ ತೋರಿಸಲಿಕ್ಕೆ ಮಾತ್ರ ತಲೆಯ ಮೇಲೆ ಇಡಬೇಡಿ. ಸಿಗರೇಟಿನ ಬಗ್ಗೆ ನಿಮಗೆ ಗೊತ್ತಿಲ್ಲದ್ದನ್ನು ನಾನು ಹೇಳಲಾರೆ.

ಕಿವಿಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಕನ್ನಡಕ ಹಾಕಿಕೊಳ್ಳಲು ನಮಗೆ ನಾಚಿಕೆಯಿಲ್ಲ, ಕಿವಿಯ ಯಂತ್ರ ಅಂದರೆ ಮುಖ ಬಾಡುತ್ತದೆ. ಮಾತು ಸರಿಯಾಗಿ ಕೇಳಿಸದವರು ಮೊದಲು ಮದುವೆ ಮನೆಯ ಗುಂಪಿನಿಂದ ಹಿಂದೆ ಸರಿಯುತ್ತಾರೆ, ಆಮೇಲೆ ಮನೆಯ ಮಾತಿನಿಂದ. ಲ್ಯಾನ್ಸೆಟ್ ಪಟ್ಟಿಯಲ್ಲಿ ಅತಿ ದೊಡ್ಡ ಪಾಲು ಇರುವ ಎರಡರಲ್ಲಿ ಇದೊಂದು, ಇನ್ನೊಂದು ಕೊಲೆಸ್ಟ್ರಾಲು. ಅಮೆರಿಕದಲ್ಲಿ 977 ಹಿರಿಯರಿಗೆ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯಂತ್ರ ಹಾಕಿದ ಎಲ್ಲರಿಗೂ ಲಾಭವಾಗಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಬುದ್ಧಿ ಕುಂದುವ ವೇಗ ಮೂರು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. 1965ರಲ್ಲಿ ಶುರುವಾಗಿ ಈಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮಗೆ ಇಷ್ಟು ಹತ್ತಿರದಲ್ಲಿರುವುದು ಭಾಗ್ಯ, ಬಳಸಿಕೊಳ್ಳಿ.

ಹೆಣ್ಣುಮಕ್ಕಳಿಗೆ ಎರಡು ಮಾತು ಬೇರೆಯಾಗಿಯೇ ಹೇಳಬೇಕು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಶಾಲೆ ಬಿಡಿಸಿ ಎಳೆಮಗುವನ್ನು ನೋಡಿಕೊಳ್ಳಲು ಕೂರಿಸಿದ ಆ ಕಾಲದ ಹುಡುಗಿಯರೇ ಇವತ್ತಿನ ಈ ಅಜ್ಜಿಯರು. ಅವರನ್ನು ನೋಡಿಕೊಳ್ಳುತ್ತಿರುವವರೂ ಹೆಂಗಸರೇ, ಅಂದರೆ ನೀವು. ಎಲ್ಲರಿಗೂ ಬಡಿಸಿ, ಉಳಿದ ಸಾರಿಗೆ ಅನ್ನ ಕಲಸಿ, ನಿಂತೇ ಉಂಡು ಮುಗಿಸುವವರು. ಕಾಳಿನ ಪಲ್ಯ ಅಷ್ಟರಲ್ಲಿ ಖಾಲಿಯಾಗಿರುತ್ತದೆ. ಮನೆಕೆಲಸವೇ ವ್ಯಾಯಾಮ ಎಂದು ಗಂಡಂದಿರು ಹೇಳಿದರೆ ನಂಬಬೇಡಿ. ಬಿಡುವಾಗಿ ನಲವತ್ತು ನಿಮಿಷ ಬೀಸಾಗಿ ನಡೆಯುವುದಕ್ಕೂ, ಅಡುಗೆಮನೆಯಲ್ಲಿ ಬೆಳಗಿನಿಂದ ಸುತ್ತುವುದಕ್ಕೂ ಅಜಗಜಾಂತರ. ಗಂಡಂದಿರೇ, ಆ ನಲವತ್ತು ನಿಮಿಷ ಅಮ್ಮನ ಬಳಿ ಕೂರುವುದು ನಿಮ್ಮ ಪಾಳಿ.

ಒಂದು ಸಂತೋಷದ ಸಂಗತಿಯೂ ಇದೆ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದದ್ದು ಅದು. ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದುವೋ ತೆಲುಗೋ ಆಡುವ ನಮ್ಮವರಿಗೆ ಇದು ಪುಕ್ಕಟೆ ಆಸ್ತಿ. ಮಾತಾಡಲು ಜನ ಬೇಕು, ಅಷ್ಟೇ. ಅಪ್ಪ ಅಮ್ಮನನ್ನು ಹದಿನಾಲ್ಕನೇ ಮಹಡಿಯ ಫ್ಲ್ಯಾಟಿಗೆ ತಂದು ಟಿವಿಯ ಮುಂದೆ ಕೂರಿಸಿದರೆ ಸುರಕ್ಷತೆ ಸಿಕ್ಕೀತು, ಮಾತಿನ ಬಂಡವಾಳ ಕರಗುತ್ತದೆ. ಭಜನೆಯ ಮನೆ, ಕಟ್ಟೆ, ಸ್ತ್ರೀಶಕ್ತಿ ಸಂಘ, ಯಕ್ಷಗಾನದ ಮೇಳ, ಯಾವುದಾದರೂ ಇರಲಿ, ಅವರಿಗೂ ನಿಮಗೂ.

ನಮ್ಮ ನೆಲದ ಅಧ್ಯಯನ ಇನ್ನೊಂದಿದೆ. ಕೋಲಾರದ ಶ್ರೀನಿವಾಸಪುರ ಮಾವಿಗೆ ಹೆಸರಾದ ಊರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳ 45 ದಾಟಿದ ಹತ್ತು ಸಾವಿರ ಜನರನ್ನು ಮತ್ತೆ ಮತ್ತೆ ಪರೀಕ್ಷಿಸುವ ದೊಡ್ಡ ಅಧ್ಯಯನ ನಡೆಸುತ್ತಿದೆ. ಅವರು 45 ಅನ್ನು ಆರಿಸಿಕೊಂಡಿರುವುದನ್ನು ಗಮನಿಸಿ. ಫಿನ್‌ಲ್ಯಾಂಡಿನ ಲೆಕ್ಕವನ್ನೇ ನಾವು ಎಷ್ಟು ದಿನ ಓದುವುದು, ನಮ್ಮ ಮುದ್ದೆ ಸಾರಿನವರ ಮೆದುಳಿನ ಲೆಕ್ಕ ನಮಗೇ ಸಿಗಲಿದೆ.

ಇಷ್ಟೆಲ್ಲ ಹೇಳಿ ಒಂದು ಎಚ್ಚರಿಕೆ ಹೇಳದಿದ್ದರೆ ನಾನು ವೈದ್ಯೆಯಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದವರಿಗೂ ಈ ಕಾಯಿಲೆ ಬರುತ್ತದೆ. ನಸುಕಿನಲ್ಲೇ ಎದ್ದು ನಡೆಯುತ್ತಿದ್ದ, ಒಂದು ದಿನವೂ ಬೀಡಿ ಮುಟ್ಟದ ಗಣಿತದ ಮೇಷ್ಟ್ರೊಬ್ಬರು ಕೊನೆಗೆ ತಮ್ಮ ಮಗನನ್ನೇ ಗುರುತಿಸದಾದರು. ವಯಸ್ಸು ಮತ್ತು ವಂಶವಾಹಿಗಳ ಪಾಲು ನಮ್ಮ ಕೈಯಲ್ಲಿಲ್ಲ. ಶೇ 45 ಎಂಬುದು ಇಡೀ ಲೋಕದ ಲೆಕ್ಕ, ನಿಮಗೆ ಬರೆದುಕೊಟ್ಟ ಖಾತರಿ ಅಲ್ಲ. ಆದ್ದರಿಂದ ಯಾರ ಮನೆಯಲ್ಲಾದರೂ ಕಾಯಿಲೆ ಕಂಡರೆ "ಸೊಪ್ಪು ತಿನ್ನಲಿಲ್ಲ, ಅದಕ್ಕೇ" ಎಂದು ಹೇಳಿ ಆ ಮನೆಯವರ ಗಾಯಕ್ಕೆ ಉಪ್ಪು ಸವರಬೇಡಿ.

ನನ್ನ ಕೋರಿಕೆ ದೊಡ್ಡದಲ್ಲ. ಈ ತಿಂಗಳು ಮುಗಿಯುವುದರೊಳಗೆ ನಿಮ್ಮ ಹೆಸರಿನ ಒಂದು ಫೈಲು ತೆರೆಯಿರಿ. ಅದರಲ್ಲಿ ಬಿಪಿ, ಮೂರು ತಿಂಗಳ ಸರಾಸರಿ ತೋರುವ ಶುಗರ್ ಪರೀಕ್ಷೆ, ಕೊಲೆಸ್ಟ್ರಾಲು, ಸೊಂಟದ ಸುತ್ತಳತೆ ಇರಲಿ. ಸಸ್ಯಾಹಾರಿಗಳಾದರೆ ಬಿ12 ಕೂಡ. 30 ದಾಟಿದವರ ಬಿಪಿ, ಶುಗರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ನೋಡುತ್ತಾರೆ. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬರುತ್ತಾರೆ, ಬಂದಾಗ ಕೆಲಸವಿದೆಯೆಂದು ಒಳಗೆ ಹೋಗಬೇಡಿ. ಗುಳಿಗೆ ಬರೆದುಕೊಟ್ಟರೆ ಅಪ್ಪನ ಗುಳಿಗೆಯಷ್ಟೇ ನಿಯಮದಿಂದ ನಿಮ್ಮದನ್ನೂ ನುಂಗಿ. ಹಿರಿಯರ ಮರೆವಿನ ಬಗ್ಗೆ ಸಂಶಯವಿದ್ದರೆ, ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ನಡೆಸುತ್ತಿರುವ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ನ ಕ್ಲಿನಿಕ್ಕುಗಳು ಜಿಲ್ಲಾ ಆಸ್ಪತ್ರೆಗಳಲ್ಲಿ ತೆರೆದಿವೆ, ಅಲ್ಲಿಗೆ ಕರೆದುಕೊಂಡು ಹೋಗಿ. ಹಿರಿಯರ ಸಹಾಯವಾಣಿ 14567. ನೋಡಿಕೊಂಡು ನೋಡಿಕೊಂಡು ನೀವೇ ಸೋತಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪತ್ರ ಓದಿದ ಮೇಲೆ ನನಗೆ ಫೋನು ಮಾಡುವವರು ಅಮ್ಮನ ಬಿಪಿ ಎಷ್ಟಿದೆಯೆಂದು ಹೇಳುವ ಮುಂಚೆ ನಿಮ್ಮದು ಎಷ್ಟಿದೆಯೆಂದು ಹೇಳಿ.

ಇತಿ ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ವೈದ್ಯೆ
ಹಾಸನ ಜಿಲ್ಲೆ